ಸೇಲಂ ಪೇಟೆಯಲ್ಲಿ ಏನು ಕೊಳ್ಳಬೇಕು, ಏನು ಕೇಳಬೇಕು

ಬೇಸಗೆಯ ರಜೆ, ಮದುವೆಯ ಮುಹೂರ್ತ, ಮಾವಿನ ಹಣ್ಣು ಈ ಮೂರೂ ಕೂಡಿ ಬರುವ ತಿಂಗಳುಗಳಲ್ಲಿ ನಮ್ಮ ಜಿಲ್ಲೆಗಳ ಕನ್ನಡಿಗರ ಮನೆಗಳಿಗೆ ಬೆಂಗಳೂರು, ಮೈಸೂರು, ಚಾಮರಾಜನಗರಗಳಿಂದ ನೆಂಟರು ಬರುವುದು ರೂಢಿ. ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳನ್ನು ಹಾದು ತೊಪ್ಪೂರು ಘಾಟಿಯನ್ನು ಇಳಿದರೆ ಸೇಲಂ. ಏರ್ಕಾಡನ್ನು ನೋಡಿ ಬಂದ ಮರುದಿನ ಅವರೆಲ್ಲರೂ ಕೇಳುವ ಪ್ರಶ್ನೆ ಒಂದೇ: "ಇಲ್ಲಿಂದ ಏನು ಕೊಂಡುಹೋದರೆ ಒಳ್ಳೆಯದು?"

ಪಟ್ಟಿಯನ್ನು ಹೇಳುವುದು ಕಷ್ಟವಲ್ಲ. ಸಬ್ಬಕ್ಕಿ, ಬಿಳಿ ರೇಷ್ಮೆಯ ಪಂಚೆ, ಮಲ್ಗೋವ ಮಾವು, ಬೆಳ್ಳಿಯ ಕಾಲ್ಗೆಜ್ಜೆ, ಏರ್ಕಾಡಿನ ಕಾಫಿ ಇವು ಈ ನೆಲದ ಹೆಸರನ್ನು ಹೊತ್ತ ವಸ್ತುಗಳು. ಆದರೆ ಹೆಸರು ಒಂದು ಕಡೆ, ವಸ್ತು ಇನ್ನೊಂದು ಕಡೆ ಆಗಿರುವ ಸಂದರ್ಭಗಳೂ ಪೇಟೆಯಲ್ಲಿ ಸಾಕಷ್ಟಿವೆ. ಆದುದರಿಂದ ಈ ವಾರ ಪಟ್ಟಿಯೊಡನೆ, ಒಂದೊಂದು ವಸ್ತುವನ್ನು ಕೊಳ್ಳುವಾಗ ಅಂಗಡಿಯವರನ್ನು ಏನು ಕೇಳಬೇಕೆಂಬುದನ್ನೂ ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಕೊಳ್ಳಬೇಡಿ, ಊರಿನ ವಸ್ತುವನ್ನು ಕೊಳ್ಳಿ ಎಂಬುದೇ ನನ್ನ ವಿನಂತಿ.

ಮೊದಲು ಸಬ್ಬಕ್ಕಿ. ಇಲ್ಲಿ ಇದನ್ನು ಜವ್ವರಿಸಿ ಎನ್ನುತ್ತಾರೆ. ಸಾಗೋ ಎಂಬ ತಾಳೆಜಾತಿಯ ಮರದ ತಿರುಳಿನಿಂದ ಆದ ಕಾಳು ಹಿಂದೆ ಮಲಯಾ, ಸಿಂಗಪುರಗಳ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. ಎರಡನೆಯ ಮಹಾಯುದ್ಧದಿಂದ ಆ ದಾರಿ ಮುಚ್ಚಿದಾಗ, 1943ರ ಸುಮಾರಿಗೆ, ಸೇಲಂ ಸೀಮೆಯವರು ಮರಗೆಣಸಿನ ಹಿಟ್ಟಿನಿಂದಲೇ ಕಾಳು ಕಟ್ಟಲು ತೊಡಗಿದರು. ಇಂದು ಮಹಾರಾಷ್ಟ್ರದವರ ಏಕಾದಶಿಯ ಉಪವಾಸವೂ ನಮ್ಮ ಜಿಲ್ಲೆಗಳ ಗೆಣಸಿನ ಹೊಲಗಳನ್ನು ನಂಬಿದೆ. ತಯಾರಕರ ಸಹಕಾರ ಸಂಘವಾದ ಸಾಗೋಸರ್ವ್ 1981ರಲ್ಲಿ ಆರಂಭವಾಯಿತು. 2023ರಲ್ಲಿ ಸೇಲಂ ಜವ್ವರಿಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಇದನ್ನು ಕೊಳ್ಳುವವರು ತಪ್ಪುವುದು ಒಂದೇ ಕಡೆ, ಬಿಳುಪಿನಲ್ಲಿ. ಗೆಣಸಿನ ಹಿಟ್ಟಿನ ಸಹಜ ಬಣ್ಣ ಕಣ್ಣು ಕೋರೈಸುವ ಬಿಳಿಯಲ್ಲ. ಕೊಳ್ಳುವವರು ಬಿಳಿಯದನ್ನೇ ಆರಿಸುವುದರಿಂದ ಮಾಡುವವರು ಬಿಳುಪಿಗಾಗಿ ರಾಸಾಯನಿಕವನ್ನು ಬಳಸುತ್ತಾರೆ, ಮೆಕ್ಕೆಜೋಳದ ಪಿಷ್ಟವನ್ನು ಬೆರೆಸುತ್ತಾರೆ ಎಂಬ ದೂರುಗಳ ಮೇಲೆ ಆಹಾರ ಸುರಕ್ಷತಾ ಅಧಿಕಾರಿಗಳು ಇಲ್ಲಿನ ಕಾರ್ಖಾನೆಗಳನ್ನು ತಪಾಸಣೆ ಮಾಡಿದ್ದುಂಟು. ತುಸು ಮಾಸಲು ಬಿಳಿಯ ಕಾಳನ್ನು ಆರಿಸಿ. ನೈಲಾನ್ ಜವ್ವರಿಸಿ ಎಂಬ ಪಾರದರ್ಶಕ ಬಗೆಯೂ ಇದೆ, ಹಿಟ್ಟಿನಂತಹ ಬಿಳಿ ಬಗೆಯೂ ಇದೆ. ಪಾಯಸಕ್ಕೋ, ಉಪ್ಪಿಟ್ಟಿಗೋ, ಸಂಡಿಗೆಗೋ ಎಂದು ಹೇಳಿ ಕೇಳಿದರೆ ಅಂಗಡಿಯವರೇ ತಕ್ಕುದನ್ನು ಕೊಡುತ್ತಾರೆ. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇವೆಯೇ ಎಂದು ನೋಡಿ. ಈ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂಬುದು ನಿಯಮ. ಅದರೊಡನೆ ಬೇರೆ ಭಾಷೆಯಲ್ಲಿ ಮುದ್ರಿಸಲು ಅಡ್ಡಿಯಿಲ್ಲ. ಕರ್ನಾಟಕಕ್ಕೆ ಕಳುಹಿಸುವ ಪೊಟ್ಟಣದ ಮೇಲೆ 'ಸಬ್ಬಕ್ಕಿ' ಎಂದು ಕನ್ನಡದಲ್ಲಿ ಅಚ್ಚು ಹಾಕಿಸಲು ಕಾನೂನು ತಡೆಯುವುದಿಲ್ಲ ಎಂಬುದನ್ನು ನಮ್ಮ ವ್ಯಾಪಾರಿ ಬಂಧುಗಳು ಗಮನಿಸಬೇಕು.

ಎರಡನೆಯದು ಬಿಳಿ ರೇಷ್ಮೆಯ ಪಂಚೆ, ಅಂದರೆ ಸೇಲಂ ವೆಣ್‌ಪಟ್ಟು. ಇದಕ್ಕೂ ಭೌಗೋಳಿಕ ಸೂಚಕ ಉಂಟು. ಗೂಡಿಗೆ ಧರ್ಮಪುರಿಯಲ್ಲಿ ಸರ್ಕಾರದ ಮಾರುಕಟ್ಟೆಯಿದೆ, ಮಗ್ಗಕ್ಕೆ ಸೇಲಂ ಇದೆ. ಇಲ್ಲಿ ನೇಯುವವರ ಮನೆಮಾತು ತಮಿಳೊಂದೇ ಅಲ್ಲ; ಸೌರಾಷ್ಟ್ರ ಭಾಷೆ, ತೆಲುಗು, ದೇವಾಂಗರ ಮನೆಗಳ ಕನ್ನಡ ಎಲ್ಲವೂ ಲಾಳಿಯ ಸದ್ದಿನ ನಡುವೆ ಕೇಳಿಬರುತ್ತವೆ. ಇಲ್ಲಿ ಪಂಚೆ ಕೊಳ್ಳುವ ಕನ್ನಡಿಗನು ತನ್ನ ಭಾಷೆಯವರ ಅನ್ನದ ವಿಚಾರವನ್ನೇ ಕೈಯಲ್ಲಿ ಹಿಡಿದಿರುತ್ತಾನೆ.

ಬೆಂಗಳೂರಿನಲ್ಲಿರುವ ನಮ್ಮ ಭಾವನವರು ಮಗನ ಮದುವೆಗೆಂದು ಇಲ್ಲಿನ ಒಂದು ಅಂಗಡಿಯಲ್ಲಿ ನಾಲ್ಕು ಪಂಚೆಗಳನ್ನು ಕೊಂಡರು. ಮೊದಲ ಬಾರಿ ಒಗೆದಾಗಲೇ ಅದು ರೇಷ್ಮೆಯಲ್ಲವೆಂದು ಗೊತ್ತಾಯಿತು. "ಬಿಲ್ಲು ಎಲ್ಲಿ ಭಾವ?" ಎಂದೆ. "ಬಿಲ್ಲು ಬೇಡವೆಂದರೆ ಬೆಲೆ ಇಳಿಸುತ್ತೇನೆ ಎಂದನಯ್ಯ, ಎಷ್ಟು ವಿನಯದಿಂದ ಮಾತಾಡಿದ ಗೊತ್ತೆ!" ಎಂದರು. ಫೋನಿನಲ್ಲಿ ಹಣ ಕಳುಹಿಸಿದ ದಾಖಲೆ ಇತ್ತು. ಅದು ಹಣ ಕೊಟ್ಟದ್ದನ್ನು ಹೇಳುತ್ತದೆ. ಏನನ್ನು ಕೊಂಡರು, ಏನೆಂದು ಹೇಳಿ ಮಾರಿದರು ಎಂಬುದನ್ನು ಹೇಳುವುದಿಲ್ಲ. ಬಿಲ್ಲು ಬಿಟ್ಟು ಉಳಿಸಿದ ಹಣಕ್ಕಿಂತ ಕಳೆದುಕೊಂಡ ಹಕ್ಕು ದೊಡ್ಡದು.

ಇಲ್ಲಿ ಎರಡು ಗುರುತುಗಳ ಭೇದವನ್ನು ತಿಳಿದಿರಬೇಕು. ಸಿಲ್ಕ್ ಮಾರ್ಕ್ ಎಂಬುದು 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ಬಂದ ಗುರುತು. ಬಟ್ಟೆ ಶುದ್ಧ ರೇಷ್ಮೆ ಎಂದು ಅದು ಹೇಳುತ್ತದೆ, ಕೈಮಗ್ಗದ್ದೆಂದು ಹೇಳುವುದಿಲ್ಲ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ ನೇಯ್ಗೆ ಎನ್ನುತ್ತದೆ, ರೇಷ್ಮೆ ಎನ್ನುವುದಿಲ್ಲ. ಕೈಮಗ್ಗದ ರೇಷ್ಮೆ ಬೇಕಾದವರು ಎರಡನ್ನೂ ಕೇಳಬೇಕು. ಅನುಮಾನವಿದ್ದರೆ ಸೆರಗಿನ ತುದಿಯಿಂದ ಒಂದೆರಡು ಎಳೆಗಳನ್ನು ಕೇಳಿ ಪಡೆದು ಸುಟ್ಟು ನೋಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯನ್ನು ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ.

ವಿದ್ಯುತ್‌ಮಗ್ಗದ ಬಟ್ಟೆಯನ್ನು ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಇಳಂಪಿಳ್ಳೈ ಸುತ್ತಿನ ವಿದ್ಯುತ್‌ಮಗ್ಗಗಳ ಸೀರೆಗಳು ಹಗುರವಾದ ಬೆಲೆಗೆ ದೊರೆಯುತ್ತವೆ, ಅವನ್ನು ನಂಬಿದ ಕುಟುಂಬಗಳೂ ಬಹಳ. ಅದನ್ನು ಅದೇ ಹೆಸರಿನಿಂದ ಮಾರಿದರೆ ಯಾರ ತಕರಾರೂ ಇಲ್ಲ. ಕೈಮಗ್ಗದ್ದೆಂದು ಮಾರಿದಾಗ ಮಾತ್ರ ಮೋಸ ಇಬ್ಬರಿಗೆ ಆಗುತ್ತದೆ: ಕೊಂಡವನಿಗೆ ಒಮ್ಮೆ, ನೇಕಾರನಿಗೆ ಪ್ರತಿದಿನ. ಕೆಲವು ಬಗೆಯ ಸೀರೆ, ಪಂಚೆ, ಲುಂಗಿ ಮುಂತಾದ ವಸ್ತುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಆಯಿತು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿ ಹಿಡಿಯಿತು. ಆರಂಭದಲ್ಲಿ 22 ವಸ್ತುಗಳಿದ್ದ ಮೀಸಲು ಪಟ್ಟಿ ಬಳಿಕ 11ಕ್ಕೆ ಇಳಿಯಿತು. ಕಾಯಿದೆ ಉಳಿದಿದೆ, ಮಗ್ಗದ ಮುಂದೆ ಕೂರುವ ಮಕ್ಕಳು ಉಳಿಯಬೇಕಾದರೆ ಆ ಕೂಲಿಯಿಂದ ಸಂಸಾರ ನಡೆಯಬೇಕು.

ಹಾಗಾದರೆ ನೇಕಾರರ ಮನೆಗೇ ಹೋಗಿ ಕೊಳ್ಳಬಾರದೆ ಎಂದು ಕೇಳುವವರಿದ್ದಾರೆ. ಅಲ್ಲಿ ಮುದ್ರೆಯೂ ಇರುವುದಿಲ್ಲ, ಬಿಲ್ಲೂ ಇರುವುದಿಲ್ಲ. ಪರಿಚಯವಿದ್ದರೆ ಧಾರಾಳವಾಗಿ ಹೋಗಿ. ಮಗ್ಗದ ಮೇಲಿರುವ ಬಟ್ಟೆಯನ್ನು ಕಣ್ಣಾರೆ ಕಾಣುವುದಕ್ಕಿಂತ ದೊಡ್ಡ ಸಾಕ್ಷ್ಯ ಬೇರೆ ಬೇಕಿಲ್ಲ. ಪರಿಚಯವಿಲ್ಲದವರಿಗೆ ನೇಕಾರರ ಸಹಕಾರ ಸಂಘಗಳ ಮಳಿಗೆ ಇದೆ, 1935ರಲ್ಲಿ ಆರಂಭವಾದ ಕೋ-ಆಪ್‌ಟೆಕ್ಸ್ ಇದೆ. ಅಲ್ಲಿ ಬಿಲ್ಲು ದೊರೆಯುತ್ತದೆ, ನೇಕಾರರ ಸಂಘಕ್ಕೂ ಪಾಲು ಸಲ್ಲುತ್ತದೆ.

ಮೂರನೆಯದು ಮಾವು. ಮಲ್ಗೋವ, ಇಮಾಮ್ ಪಸಂದ್ ಇವು ತಿನ್ನಲು. ಧರ್ಮಪುರಿ, ಕೃಷ್ಣಗಿರಿಗಳ ತೋಟಗಳಲ್ಲಿ ಹೇರಳವಾಗಿರುವ ತೋತಾಪುರಿ ಹೆಚ್ಚಾಗಿ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ನಿಷಿದ್ಧ. ಎಥಿಲೀನ್ ಅನಿಲದಿಂದ, ಗೊತ್ತುಪಡಿಸಿದ ಮಿತಿಯೊಳಗೆ, ಮಾಗಿಸಲು ಅನುಮತಿಯಿದೆ. ಮಲ್ಗೋವ ಮಾಗಿದರೂ ಹಸಿರನ್ನು ಪೂರ್ತಿ ಬಿಡುವುದಿಲ್ಲ. ಬುಟ್ಟಿ ತುಂಬ ಒಂದೇ ಸಮನೆ ಹಳದಿಯಾಗಿದ್ದು ವಾಸನೆಯೇ ಇಲ್ಲದ ಹಣ್ಣನ್ನು ಬಿಟ್ಟು, ತೊಟ್ಟಿನ ಬಳಿ ಘಮಘಮಿಸುವುದನ್ನು ಆರಿಸಿ. ಪ್ರಯಾಣ ದೂರವಿದ್ದರೆ ಬಲಿತ ಕಾಯಿಯನ್ನೇ ಕೊಂಡು ಮನೆಯಲ್ಲಿ ಹುಲ್ಲಿನಲ್ಲಿಟ್ಟು ಹಣ್ಣು ಮಾಡಿಕೊಳ್ಳುವುದು ಉತ್ತಮ. ರಸ್ತೆಯ ಬದಿಯಲ್ಲಿ ಬುಟ್ಟಿಯಿಟ್ಟು ಕೂತ ಅಜ್ಜಿಯನ್ನು ಬಿಲ್ಲು ಕೇಳಬೇಡಿ. 200 ರೂಪಾಯಿಗೆ ಒಳಗಿನ ಮಾರಾಟಕ್ಕೆ, ಕೊಳ್ಳುವವನು ಕೇಳದಿದ್ದರೆ, ನೋಂದಾಯಿತ ವ್ಯಾಪಾರಿಗೂ ಜಿಎಸ್‌ಟಿ ಕಾನೂನು ರಿಯಾಯಿತಿ ಕೊಟ್ಟಿದೆ. ತಕ್ಕಡಿಯನ್ನು ನೋಡಿದರೆ ಸಾಕು.

ನಾಲ್ಕನೆಯದು ಬೆಳ್ಳಿಯ ಕಾಲ್ಗೆಜ್ಜೆ, ಇಲ್ಲಿನವರ ಮಾತಿನಲ್ಲಿ ಕೊಲುಸು. ಶೆವ್ವಾಪೇಟೆಯ ಸುತ್ತಿನ ಕೆಲಸಗಾರರ ಕೈಚಳಕ ದೇಶಕ್ಕೆಲ್ಲ ಗೊತ್ತು. ಬೆಲೆಯಲ್ಲಿ ಬೆಳ್ಳಿಯ ದರ ಎಷ್ಟು, ಕೂಲಿ ಎಷ್ಟು, ಶುದ್ಧತೆ ಎಷ್ಟು ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಅಪ್ಪಟ ಬೆಳ್ಳಿ ಮೆದು. ಒಡವೆಗೆ ಗಟ್ಟಿತನ ಬರಲು ಬೇರೆ ಲೋಹ ಬೆರೆಸುವುದು ಸಹಜ. 925 ಎಂದರೆ ಸಾವಿರದಲ್ಲಿ 925 ಭಾಗ ಬೆಳ್ಳಿ. ಬೆರಕೆ ತಪ್ಪಲ್ಲ, ಬೆರಕೆಯನ್ನು ಮುಚ್ಚಿಡುವುದು ತಪ್ಪು. ಹಾಲ್‌ಮಾರ್ಕ್ ಉಳ್ಳ ಬೆಳ್ಳಿಯೂ ದೊರೆಯುತ್ತದೆ, ಕೇಳಿ ಕೊಳ್ಳಿ.

ಐದನೆಯದು ಏರ್ಕಾಡಿನ ಕಾಫಿ. ಪುಡಿಯಲ್ಲಿ ಚಿಕೋರಿ ಬೆರೆಸಿದ್ದರೆ ಪೊಟ್ಟಣದ ಮೇಲೆ ಅದರ ಪ್ರಮಾಣವನ್ನು ಬರೆದಿರಲೇಬೇಕು. ಚಿಕೋರಿ ನೂರಕ್ಕೆ 49ನ್ನು ಮೀರುವಂತಿಲ್ಲ. ಸೇರ್ವರಾಯನ್ ಬೆಟ್ಟದ ಕಾಫಿ ಬೇಕೆನ್ನುವವರು ಬೀಜವನ್ನು ಕೊಂಡು ಎದುರಿಗೇ ಪುಡಿ ಮಾಡಿಸಿಕೊಳ್ಳುವುದು ಲೇಸು.

ಊರಿನ ಹೆಸರಿಗೆ ಕಾನೂನಿನ ಬೇಲಿ ಹಾಕುವುದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಫ್ರಾನ್ಸಿನವರು ರೋಕ್‌ಫೋರ್ ಎಂಬ ಹಳ್ಳಿಯ ಚೀಸಿಗೆ 1925ರಲ್ಲೇ ಕಾನೂನಿನ ರಕ್ಷಣೆ ಕೊಟ್ಟರು. ಇಂದಿಗೂ ಅಲ್ಲಿನ ಸೂಪರ್‌ಮಾರ್ಕೆಟ್ಟುಗಳ ಕಪಾಟಿನಲ್ಲಿ ಇಂತಹ ಚೀಸಿನ ಮೇಲೆ ಕೆಂಪು ಹಳದಿಯ ದುಂಡು ಮುದ್ರೆ ಇರುತ್ತದೆ. ನಮ್ಮ ಭೌಗೋಳಿಕ ಸೂಚಕಗಳ ಕಾಯಿದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ಸುಳ್ಳು ಸೂಚಕವನ್ನು ಹಚ್ಚುವವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ಅದು ವಿಧಿಸುತ್ತದೆ. ಆದರೆ ಕೊಳ್ಳುವವರೇ ಮುದ್ರೆಯನ್ನು ಕೇಳದಿದ್ದರೆ ಕಾಯಿದೆ ಪುಸ್ತಕದಲ್ಲೇ ಉಳಿಯುತ್ತದೆ.

ಕೊನೆಯದಾಗಿ, ಕರ್ನಾಟಕದಿಂದ ಬರುವ ನೆಂಟರು ಹೇಳುವ ಒಂದು ಮಾತು: "ಮೋಸವಾದರೂ ಸೇಲಂವರೆಗೆ ಯಾರು ಅಲೆಯುತ್ತಾರೆ?" ಅಲೆಯಬೇಕಾಗಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ, ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಸೇಲಂನಲ್ಲಿ ಕೊಂಡ ಪಂಚೆಯ ಬಗ್ಗೆ ಮೈಸೂರಿನಲ್ಲಿ ದೂರು ಸಲ್ಲುತ್ತದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಬಿಲ್ಲು ಕೊಡದಿರುವುದೇ ಈ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. "ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದು ಫಲಕ ತೂಗುಹಾಕಿದ ಮಾತ್ರಕ್ಕೆ ದೋಷವುಳ್ಳ ಸರಕಿನ ಹೊಣೆ ತಪ್ಪುವುದಿಲ್ಲ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ ಹಿಂದಿರುಗಿಸಬಹುದು. ಮೊದಲು ಸಲಹೆ ಬೇಕಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಈ ಬೇಸಗೆಯಲ್ಲಿ ನೆಂಟರನ್ನು ಪೇಟೆಗೆ ಕರೆದೊಯ್ಯುವ ನಮ್ಮ ಬಂಧುಗಳು ಒಂದು ಕೆಲಸ ಮಾಡಲಿ. ಬೆಲೆ ಚೌಕಾಶಿ ಮಾಡುವ ಮೊದಲು ಗುರುತನ್ನು ಕೇಳಿ, ಹಣ ಕೊಡುವ ಮೊದಲು ಬಿಲ್ಲಿನಲ್ಲಿ ವಸ್ತುವಿನ ಪೂರ್ಣ ಹೆಸರನ್ನು ಬರೆಸಿ: 'ಪಂಚೆ' ಎಂದಲ್ಲ, 'ಕೈಮಗ್ಗದ ಶುದ್ಧ ರೇಷ್ಮೆಯ ಪಂಚೆ' ಎಂದು. ಪ್ರಾಮಾಣಿಕ ವ್ಯಾಪಾರಿ ಅದನ್ನು ಸಂತೋಷದಿಂದ ಬರೆದುಕೊಡುತ್ತಾನೆ. ಬರೆಯಲು ಹಿಂಜರಿಯುವ ಅಂಗಡಿಯಿಂದ ನಗುತ್ತಲೇ ಎದ್ದು ಬನ್ನಿ. ಸೇಲಂನಲ್ಲಿ ಅಂಗಡಿಗಳಿಗೆ ಕೊರತೆಯಿಲ್ಲ.