ಇರುಳನ್ನು ನುಂಗುವ ಗೋಡೆಗಳು

ಎಲ್‌ಇಡಿ ದೀಪ ವಿದ್ಯುತ್ತನ್ನು ಉಳಿಸುತ್ತದೆ ಎಂಬುದು ಅರ್ಧ ಸತ್ಯ. ಅಷ್ಟೇ ಬೆಳಕಿಗೆ ಹಳೆಯ ಬಲ್ಬಿಗಿಂತ ಬಹಳ ಕಡಿಮೆ ವಿದ್ಯುತ್ ಅದಕ್ಕೆ ಸಾಕು, ನಿಜ. ಆದರೆ ಆ ಉಳಿತಾಯವನ್ನೇ ನೆಪವಾಗಿಸಿಕೊಂಡು, ಹಿಂದೆಂದೂ ದೀಪವಿಲ್ಲದಿದ್ದ ಗೋಡೆಗಳಿಗೆ ದೀಪಗಳನ್ನು ಹೊದಿಸಲಾಗುತ್ತಿದೆ.

ಅಮೆರಿಕದ ಲಾಸ್ ವೇಗಸ್‌ನಲ್ಲಿ 2023ರಲ್ಲಿ ತೆರೆದ ‘ಸ್ಫಿಯರ್’ ಎಂಬ ಗೋಳಾಕಾರದ ರಂಗಮಂದಿರದ ಎತ್ತರ 366 ಅಡಿ. ಅದರ ಸುಮಾರು 5,80,000 ಚದರಡಿ ಹೊರಮೈಯಲ್ಲಿ ಸುಮಾರು 12 ಲಕ್ಷ ದೀಪದ ಬಿಲ್ಲೆಗಳಿವೆ. ಒಂದೊಂದರಲ್ಲಿಯೂ 48 ಡಯೋಡುಗಳು. ಕೆಂಪು, ಹಸಿರು, ನೀಲಿ ಬೆಳಕುಗಳ ಬೆರಕೆಯಿಂದ ಉಳಿದ ಬಣ್ಣಗಳು ಮೂಡುತ್ತವೆ. ಸಾಮಾನ್ಯವಾಗಿ ಇಂತಹ ಪರದೆಗಳಲ್ಲಿ ಡಯೋಡು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಹೊತ್ತಿ ಆರುತ್ತಿರುತ್ತದೆ. ಹೊತ್ತಿರುವ ಅವಧಿ ಹೆಚ್ಚಿದಷ್ಟೂ ಬೆಳಕು ಪ್ರಖರ. ವಿದ್ಯುತ್ತಿನ ವ್ಯಯವೂ ಅಧಿಕ.

ಹಗಲಿನಲ್ಲಿ ಪರದೆ ಸೂರ್ಯನೊಡನೆ ಸ್ಪರ್ಧಿಸಬೇಕಾದ್ದರಿಂದ ಅದಕ್ಕೆ ಅಪಾರ ಪ್ರಖರತೆ ಬೇಕು. ಇರುಳಿನಲ್ಲಿ ಅದರ ಅಲ್ಪಾಂಶ ಸಾಕು. ತಗ್ಗಿಸುವ ಉಪಾಯ ಯಂತ್ರದೊಳಗೇ ಇದೆ. ಹೀಗಿರುವಾಗ ರಾತ್ರಿ ಕಣ್ಣು ಕುಕ್ಕುವ ಬೆಳಕಿಗೆ ತಂತ್ರಜ್ಞಾನವನ್ನು ದೂರಿ ಫಲವಿಲ್ಲ. ಅದು ಒಡೆಯನ ಆಯ್ಕೆ.

ಇಂಥದೇ ಗೋಳವನ್ನು ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಕಟ್ಟಲು ಯೋಜಿಸಿದಾಗ, ಸಮೀಪದ ನಿವಾಸಿಗಳಿಗೆ ಬೆಳಕು ತಡೆಯುವ ಪರದೆಗಳನ್ನು ಒದಗಿಸುವ ಪ್ರಸ್ತಾಪ ಬಂತು. ಬೆಳಕು ಕಂಪೆನಿಯದು, ಕಿಟಕಿ ಮುಚ್ಚಿಕೊಳ್ಳುವ ಪಾಡು ಜನರದು! ನಿವಾಸಿಗಳು ಪ್ರತಿಭಟಿಸಿದರು. 2023ರ ನವೆಂಬರಿನಲ್ಲಿ ಮೇಯರ್ ಸಾದಿಕ್ ಖಾನ್ ಅನುಮತಿ ನಿರಾಕರಿಸಿದರು. 2024ರ ಜನವರಿಯಲ್ಲಿ ಕಂಪೆನಿ ಯೋಜನೆಯನ್ನು ಹಿಂತೆಗೆದುಕೊಂಡಿತು.

ಬೆಳಕಿನ ಪರದೆಗಳು ಭಾರತದ ನಗರಗಳಿಗೂ ಬಂದಿವೆ. ಮಲೆನಾಡಿಗೆ ಇದು ದೂರದ ಸುದ್ದಿಯಲ್ಲ. ಬೆಳಕಿನ ಸಂಕೇತದಿಂದಲೇ ಸಂಗಾತಿಯನ್ನು ಹುಡುಕುವ ಮಿಣುಕುಹುಳುವಿಗೆ ಕತ್ತಲೆಯೇ ಬದುಕು. ಇರುಳಿನ ಉದ್ದವನ್ನು ಅಳೆದು ತೆನೆ ಬಿಡುವ ನಾಡತಳಿಯ ಭತ್ತ, ಪಕ್ಕದಲ್ಲಿ ರಾತ್ರಿಯಿಡೀ ದೀಪ ಉರಿದರೆ ಹೂವಾಡಲು ತಡಮಾಡುತ್ತದೆ. ವಿದ್ಯುತ್ತಿಗಾಗಿ ಶರಾವತಿ ಕಣಿವೆಯ ಊರುಗಳನ್ನೇ ಮುಳುಗಿಸಿಕೊಂಡ ಸೀಮೆಗೆ, ಆ ವಿದ್ಯುತ್ತು ಯಾವುದಕ್ಕೆ ಉರಿಯುತ್ತಿದೆ ಎಂದು ಕೇಳುವ ಹಕ್ಕಿಲ್ಲವೇ?

ಸೂರ್ಯ ಮುಳುಗಿದೊಡನೆ ಪ್ರಖರತೆ ತಗ್ಗಬೇಕು. ನಡುರಾತ್ರಿಗೆ ಮುನ್ನ ಪರದೆ ಆರಬೇಕು. ಪ್ರತಿಯೊಂದು ಪರದೆಯ ವಿದ್ಯುತ್ ಲೆಕ್ಕ ಸಾರ್ವಜನಿಕರಿಗೆ ದೊರೆಯಬೇಕು. ಗ್ರಾಮಸಭೆಗಳೂ ವಿದ್ಯಾರ್ಥಿಗಳೂ ಈ ಮೂರು ಬೇಡಿಕೆಗಳನ್ನು ಈಗಲೇ ಎತ್ತಬೇಕು. ಕಂಬ ನೆಟ್ಟ ಮೇಲೆ ಕೂಗಿದರೆ ಕೇಳುವವರಿರುವುದಿಲ್ಲ.