ಅಂಗಳಕ್ಕೆ ಜಲ್ಲಿ: ಗುಣವೆಷ್ಟು, ದೋಷವೆಷ್ಟು?



ಮಾಗಡಿ ತಾಲ್ಲೂಕಿನ ಸದ್ಗೃಹಸ್ಥರೊಬ್ಬರು ಹೊಸ ಮನೆ ಕಟ್ಟಿಸಿ, ಗೇಟಿನಿಂದ ಹೊಸ್ತಿಲವರೆಗಿನ ದಾರಿಗೆ ಜಲ್ಲಿ ಹಾಸಿಸಬೇಕೋ, ಕಾಂಕ್ರೀಟು ಹಾಕಿಸಬೇಕೋ ಎಂದು ಪತ್ರಮುಖೇನ ಕೇಳಿದ್ದಾರೆ. ದಾರಿ ಮೂವತ್ತು ಅಡಿ ಉದ್ದ, ಹತ್ತು ಅಡಿ ಅಗಲ. ಮನೆಯಲ್ಲಿ ಒಂದು ಕಾರು, ಎರಡು ಸ್ಕೂಟರು, ಎಂಬತ್ತು ದಾಟಿದ ತಾಯಿ. ಇದು ಮೇಸ್ತ್ರಿಯನ್ನು ಕೇಳಬೇಕಾದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಮನೆಗಳಲ್ಲಿ ಅಂಗಳವೆಂಬುದು ಜಂಗಮರೂ ಅತಿಥಿಗಳೂ ಮೊದಲು ಪಾದವಿಡುವ ಸ್ಥಳ. ಆದುದರಿಂದ ಈ ಪುಟದಲ್ಲಿ ಅದನ್ನು ವಿಚಾರಿಸುವುದು ಅನುಚಿತವಲ್ಲ.

ಜಲ್ಲಿಯ ಮೊದಲ ಗುಣ, ಅದು ನೀರನ್ನು ನೆಲಕ್ಕೆ ಬಿಟ್ಟುಕೊಡುತ್ತದೆ. ಒಂದು ಅಂಗುಲ ಮಳೆ ಬಿದ್ದರೆ ಆ 300 ಚದರಡಿಯ ಮೇಲೆಯೇ 700 ಲೀಟರಿಗೂ ಮಿಕ್ಕ ನೀರು ಬೀಳುತ್ತದೆ. ಕಾಂಕ್ರೀಟಾದರೆ ಅದೆಲ್ಲವೂ ಬೀದಿಯ ಚರಂಡಿಗೆ. ಜಲ್ಲಿಯಾದರೆ ಬಹುಪಾಲು ಅಲ್ಲಿಯೇ ಇಂಗುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿಯೇ ಹೊಳೆಯಂತಾಗಿ ವಾಹನಗಳು ನಿಂತುದನ್ನು ಓದುಗರು ಮರೆತಿರಲಾರರು. ಅದಕ್ಕೆ ಮನೆಗಳ ಅಂಗಳವೇ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಆದರೂ ಮಳೆಗಾಲದಲ್ಲಿ ನೀರನ್ನು ಬೀದಿಗೆ ನೂಕಿ, ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತೆಂದು ಮರುಗುವುದು ವಿವೇಕವಲ್ಲ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸುವುದನ್ನೇ ಕಾಯಕವಾಗಿ ಕೈಗೊಂಡಿದ್ದರು. ಅಲ್ಲಮಪ್ರಭುಗಳು ಅವರನ್ನು ‘ಒಡ್ಡ’ನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಲ್ಲಿ ಕೆಣಕಿದ್ದು ಕೆರೆಯನ್ನಲ್ಲ, ‘ನಾನು ಕಟ್ಟಿಸಿದೆ’ ಎಂಬ ಭಾವವನ್ನು ಎಂದೇ ನಾನು ತಿಳಿಯುತ್ತೇನೆ.

ಇಂಗುವ ಈ ಗುಣವೂ ಕೆಲಸ ಸರಿಯಾಗಿ ನಡೆದರೆ ಮಾತ್ರ. ಕಳೆ ಬಾರದಿರಲೆಂದು ಅನೇಕರು ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ನೀರು ಇಳಿಯದೆ ನಿಂತು ಸೊಳ್ಳೆಗೆ ಆಶ್ರಯವಾಗುತ್ತದೆ. ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಿದರೆ ಜಲ್ಲಿ ಮಣ್ಣಿನೊಳಗೆ ಹೂತುಹೋಗುವುದೂ ತಪ್ಪುತ್ತದೆ. ಮೇಲುಮೈ ಗಟ್ಟಿಯಾಗಲೆಂದು ಕ್ರಷರ್ ಪುಡಿ ಸುರಿದು ರೋಲರ್ ಓಡಿಸಿದರೆ ನಡೆಯಲು ಸುಖ, ಆದರೆ ನೀರು ಇಂಗುವುದು ಬಹಳ ಕಡಿಮೆಯಾಗುತ್ತದೆ. ಗುಂಡನೆಯ ಹೊಳೆಗಲ್ಲು ನೋಡಲು ಚೆಂದ, ಕಾಲಡಿಯಲ್ಲಿ ಉರುಳುತ್ತದೆ. ಮೂಲೆಗಳುಳ್ಳ 20 ಎಂ.ಎಂ. ಕಡಿಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತದೆ. ಎರಡೂ ಬದಿಗೆ ಅಂಚುಗಲ್ಲು ನೆಡದಿದ್ದರೆ ವರ್ಷದೊಳಗೆ ಅರ್ಧ ಜಲ್ಲಿ ಹೂಗಿಡಗಳ ಪಾತಿಯಲ್ಲಿರುತ್ತದೆ. ಹತ್ತು ಅಡಿಗೆ ಒಂದು ಅಡಿಗಿಂತ ಹೆಚ್ಚು ಇಳಿಜಾರಿದ್ದರೆ ಜಲ್ಲಿಯ ಆಸೆಯನ್ನೇ ಬಿಡಬೇಕು.

ಇನ್ನು ದೋಷಗಳು. ಸ್ಕೂಟರಿನ ಸ್ಟ್ಯಾಂಡು ಜಲ್ಲಿಯಲ್ಲಿ ಕುಸಿದು ಗಾಡಿ ವಾಲುತ್ತದೆ; ತಿರುವಿನಲ್ಲಿ ಚಕ್ರ ಜಾರುತ್ತದೆ. ಬಿದ್ದ ಎಲೆಗಳನ್ನು ಕಸಪೊರಕೆಯಿಂದ ಗುಡಿಸುವಂತಿಲ್ಲ. ಸಗಣಿ ಸಾರಿಸಿ ರಂಗೋಲಿ ಇಡಲು ಎಡೆಯಿಲ್ಲ. ಕೃಷಿಕರ ಮನೆಯಾದರೆ ರಾಗಿ, ಹುರುಳಿ ಒಣಗಿಸುವ ಮಾತೇ ಇಲ್ಲ. ರಾತ್ರಿ ಯಾರಾದರೂ ಬಂದರೆ ಸದ್ದಾಗುತ್ತದೆಂಬುದನ್ನು ಗುಣವೆಂದೇ ಎಣಿಸೋಣ.

ಇವೆಲ್ಲವೂ ಸಹಿಸಬಹುದಾದವು. ಸಹಿಸಲಾಗದ ದೋಷವೊಂದಿದೆ. ವಯೋವೃದ್ಧರ ಪಾದ ಜಲ್ಲಿಯ ಮೇಲೆ ಸ್ಥಿರವಾಗಿ ನಿಲ್ಲದು, ಊರುಗೋಲು ಹೂತುಕೊಳ್ಳುತ್ತದೆ, ಗಾಲಿಕುರ್ಚಿಯಂತೂ ಚಲಿಸುವುದೇ ಇಲ್ಲ. ಮೊದಲು ಸಂಜೆ ಗೇಟಿನವರೆಗೆ ಬಂದು ನೆರೆಯವರೊಡನೆ ನಾಲ್ಕು ಮಾತಾಡುತ್ತಿದ್ದ ತಾಯಿ, ಜಲ್ಲಿ ಬಿದ್ದ ಮೇಲೆ ಪಡಸಾಲೆಯಲ್ಲೇ ಉಳಿದುಬಿಡುತ್ತಾರೆ. ಮಕ್ಕಳು ‘ಅಮ್ಮನಿಗೆ ಈಚೆಗೆ ಹೊರಗೆ ಬರಲು ಮನಸ್ಸಿಲ್ಲ’ ಎನ್ನುತ್ತಾರೆ. ಮನಸ್ಸಿದೆ, ದಾರಿಯಿಲ್ಲ. ಕಾರಿಗೆ ದಾರಿ ಮಾಡಿಕೊಟ್ಟು ಹೆತ್ತವಳ ದಾರಿಯನ್ನು ಮುಚ್ಚಿದ ಮನೆಯಲ್ಲಿ ದಾಸೋಹದ ಮಾತಾಡುವುದು ಹೇಗೆ?

ಜಲ್ಲಿ ಬರುವುದೆಲ್ಲಿಂದ ಎಂಬುದನ್ನೂ ಯೋಚಿಸಬೇಕು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಸಾವನದುರ್ಗವೂ ಕನಕಪುರದ ಕಡೆಯ ಬಂಡೆಗಳೂ ಇದೇ ಶಿಲಾಶ್ರೇಣಿಗೆ ಸೇರಿದವು. ಮೇಲೆ ಹೇಳಿದ ದಾರಿಗೆ ಮೂರು ಅಂಗುಲ ದಪ್ಪ ಹಾಸಿದರೂ 75 ಘನ ಅಡಿ, ಅಂದರೆ ಮೂರು ಟನ್ನಿನಷ್ಟು ಬೆಟ್ಟ ನಮ್ಮ ಗೇಟಿನೊಳಗೆ ಬಂದಂತಾಯಿತು. ಕ್ರಷರಿನ ಧೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ರೇಷ್ಮೆಹುಳುವಿನ ಮೇವು ಕೆಡುತ್ತದೆ. ಆ ಧೂಳನ್ನು ದಿನವೂ ಉಸಿರಾಡುವ ಕಾರ್ಮಿಕನ ಶ್ವಾಸಕೋಶ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗಕ್ಕೆ ತುತ್ತಾಗಬಹುದು. ಕಾಂಕ್ರೀಟಿಗೂ ಜಲ್ಲಿಯೇ ಬೇಕಷ್ಟೆ ಎಂದು ಯಾರಾದರೂ ಕೇಳಿದರೆ, ಅದು ನಿಜ. ಆದುದರಿಂದ ಯಾವುದನ್ನೇ ಹಾಸಿದರೂ ಬೇಕಾದಷ್ಟೇ ಹಾಸಬೇಕು.

ಪತ್ರ ಬರೆದ ಶರಣರಿಗೆ ನನ್ನ ಸಲಹೆ ಇಷ್ಟು. ಗೇಟಿನಿಂದ ಹೊಸ್ತಿಲವರೆಗೆ ನಾಲ್ಕು ಅಡಿ ಅಗಲಕ್ಕೆ, ಎಡೆಯಿಲ್ಲದಂತೆ, ಒರಟು ಮೈಯ ಚಪ್ಪಡಿ ಹಾಸಿಸಿರಿ. ಒಂದು ಬದಿಗೆ ಕೈಹಿಡಿಯಲು ಕಂಬಿ ಇರಲಿ. ಅದು ತಾಯಿಯವರಿಗೆ, ಜಂಗಮರಿಗೆ, ಬರಿಗಾಲಿನಲ್ಲಿ ಬರುವ ಎಲ್ಲರಿಗೆ. ಉಳಿದ ಆರು ಅಡಿಯಲ್ಲಿ ಕಾರಿನ ಚಕ್ರಗಳು ಹಾಯುವ ಎರಡು ಪಟ್ಟಿಗೆ ಮಾತ್ರ ಜಲ್ಲಿ ಸಾಕು, ನಡುವೆ ಗರಿಕೆ ಬೆಳೆಯಲಿ. ಸ್ಕೂಟರು ನಿಲ್ಲಿಸುವೆಡೆ ಒಂದು ಚಪ್ಪಡಿ ಹೆಚ್ಚಿಗೆ ಹಾಕಿಸಿರಿ. ಹೊಸ್ತಿಲ ಮುಂದೆ ಮೂರಡಿ ಮಣ್ಣನ್ನು ರಂಗೋಲಿಗೆಂದು ಹಾಗೆಯೇ ಬಿಡಿರಿ. ಅದನ್ನು ಮನೆಯ ಹೆಣ್ಣುಮಕ್ಕಳನ್ನು ಕೇಳಿಯೇ ಅಳೆಯಿರಿ.

ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ ಹೆಚ್ಚು ಮಳೆ. ಈ ಮಳೆಗಾಲದಲ್ಲಿ ಅಂಗಳದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆಂಬುದನ್ನು ನೋಡಿ ಗುರುತು ಹಾಕಿಕೊಳ್ಳಿರಿ. ದೀಪಾವಳಿ ಕಳೆದ ಮೇಲೆ ಕೆಲಸ ಹಿಡಿಯಬಹುದು.