ಪ್ರಿಡಯಾಬಿಟಿಸ್ ಇದ್ದವರಿಗೆ ಯಾವ ಪ್ರೋಟೀನ್ ಒಳ್ಳೆಯದು: ಮಾಂಸದ್ದೋ, ಬೇಳೆಕಾಳಿನದ್ದೋ?

ಅನ್ನ ಬಿಟ್ಟು ಮೊಟ್ಟೆ-ಮಾಂಸ ತಿಂದರೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲ ಎನ್ನುವ ಸಂದೇಶ ಒಂದು ಗ್ರೂಪಿನಲ್ಲಿ. ಮಾಂಸ ಬಿಟ್ಟು ಬೇಳೆಕಾಳಿಗೆ ಬಂದರೆ ಶುಗರ್ ತಾನಾಗಿಯೇ ಇಳಿಯುತ್ತದೆ ಎನ್ನುವುದು ಇನ್ನೊಂದು ಗ್ರೂಪಿನಲ್ಲಿ. ಇಂಥವು ನಿಮ್ಮ ಮೊಬೈಲಿಗೂ ಬಂದಿರಬಹುದು. ಇವುಗಳಲ್ಲಿ ಎಷ್ಟು ನಿಜ? ನೋಡೋಣ.

ಚುಟುಕಾಗಿ ಹೇಳುವುದಾದರೆ

ಎರಡೂ ಅರ್ಧ ಸತ್ಯ. ಪ್ರೋಟೀನ್ ಎಲ್ಲಿಂದ ಬಂತು ಎನ್ನುವಷ್ಟೇ, ಅದು ತಟ್ಟೆಯಲ್ಲಿ ಯಾವುದರ ಜಾಗಕ್ಕೆ ಬಂತು ಎನ್ನುವುದೂ ಮುಖ್ಯ.

ಪ್ರಿಡಯಾಬಿಟಿಸ್ ಎಂದರೇನು?

ರಕ್ತದಲ್ಲಿ ಸಕ್ಕರೆ ಸಹಜಕ್ಕಿಂತ ಹೆಚ್ಚಿದೆ, ಆದರೆ ಮಧುಮೇಹದ ಮಟ್ಟ ಮುಟ್ಟಿಲ್ಲ ಎನ್ನುವ ಸ್ಥಿತಿ ಇದು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಪ್ರಕಾರ, ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಅಥವಾ ಎಚ್‌ಬಿಎ1ಸಿ ಶೇ. 5.7ರಿಂದ 6.4 ಇದ್ದರೆ ಪ್ರಿಡಯಾಬಿಟಿಸ್. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 13.6 ಕೋಟಿ ಜನ ಈ ಹಂತದಲ್ಲಿದ್ದಾರೆ. ಇಲ್ಲಿಂದ ಸಹಜ ಸ್ಥಿತಿಗೆ ಮರಳಲು ಸಾಧ್ಯವಿದೆ. ಹಾಗಾಗಿಯೇ ಈ ಹಂತದಲ್ಲಿ ತಪ್ಪು ಸಲಹೆ ನಂಬಿದರೆ ನಷ್ಟ ದೊಡ್ಡದು.

ಎರಡನ್ನೂ ಹೋಲಿಸಿದ ಅಧ್ಯಯನಗಳು ಏನು ಹೇಳುತ್ತವೆ?

ಜರ್ಮನಿಯಲ್ಲಿ ಟೈಪ್-2 ಮಧುಮೇಹ ಇರುವ 37 ಮಂದಿಗೆ 6 ವಾರ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟರು. ಒಂದು ಗುಂಪಿಗೆ ಮಾಂಸ, ಹಾಲಿನ ಪ್ರೋಟೀನ್. ಇನ್ನೊಂದಕ್ಕೆ ಕಾಳುಗಳ ಪ್ರೋಟೀನ್. ಎರಡೂ ಗುಂಪಿನಲ್ಲಿ ಲಿವರ್‌ನ ಕೊಬ್ಬು ಇಳಿಯಿತು. ಆದರೆ ಇದು ಚಿಕ್ಕ ಅಧ್ಯಯನ, ಅವಧಿಯೂ ಕಡಿಮೆ.

ದೀರ್ಘಕಾಲದ ಚಿತ್ರ ಸ್ವಲ್ಪ ಬೇರೆ. ಅಮೆರಿಕದಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿಯ ಆಹಾರವನ್ನು ವರ್ಷಗಟ್ಟಲೆ ಗಮನಿಸಿದ ಹಾರ್ವರ್ಡ್ ಸಂಶೋಧಕರು 2023ರಲ್ಲಿ ವರದಿ ಪ್ರಕಟಿಸಿದರು. ಕುರಿ, ದನ, ಹಂದಿಯಂಥ ಕೆಂಪು ಮಾಂಸವನ್ನು ಹೆಚ್ಚು ತಿನ್ನುವವರಲ್ಲಿ ಟೈಪ್-2 ಮಧುಮೇಹ ಹೆಚ್ಚು ಕಂಡಿತು. ದಿನದ ಒಂದು ಪಾಲು ಕೆಂಪು ಮಾಂಸದ ಬದಲು ಕಾಳು, ಬೀಜಗಳನ್ನು ತಿಂದರೆ ಅಪಾಯ ಸುಮಾರು ಶೇ. 30ರಷ್ಟು ಕಡಿಮೆ ಎಂದು ಲೆಕ್ಕ ಹಾಕಿದರು. ಇದು ನಂಟನ್ನು ತೋರಿಸುತ್ತದೆ, ಮಾಂಸವೇ ಕಾರಣ ಎಂದು ಸಾಬೀತು ಮಾಡುವುದಿಲ್ಲ.

ನಮ್ಮ ತಟ್ಟೆಯ ಕಥೆ ಬೇರೆ

ಐಸಿಎಂಆರ್-ಇಂಡಿಯಾಬ್‌ನ 2025ರ ವರದಿ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ ಸುಮಾರು ಶೇ. 62 ಕಾರ್ಬೋಹೈಡ್ರೇಟ್, ಶೇ. 12 ಮಾತ್ರ ಪ್ರೋಟೀನ್. ಒಟ್ಟು ಕ್ಯಾಲರಿಯಲ್ಲಿ ಕಾರ್ಬೋಹೈಡ್ರೇಟಿನಿಂದ ಬರುವ ಶೇ. 5ರಷ್ಟರ ಬದಲು ಬೇಳೆಕಾಳು, ಹಾಲು-ಮೊಸರು, ಮೊಟ್ಟೆ ಅಥವಾ ಮೀನಿನ ಪ್ರೋಟೀನ್ ಬಂದರೆ ಮಧುಮೇಹ, ಪ್ರಿಡಯಾಬಿಟಿಸ್ ಸಾಧ್ಯತೆ ಕಡಿಮೆ ಇರುತ್ತದೆ ಎಂದು ಅದು ಹೇಳಿತು. ಕೆಂಪು ಮಾಂಸದಲ್ಲಿ ಆ ಲಾಭ ಕಾಣಲಿಲ್ಲ. ಇಲ್ಲಿ ಗಮನಿಸಿ: ಲಾಭದ ಪಟ್ಟಿಯಲ್ಲಿ ಸಸ್ಯವೂ ಇದೆ, ಪ್ರಾಣಿ ಮೂಲದ್ದೂ ಇದೆ.

ಇನ್ನೊಂದು ಮಾತು. ಒಟ್ಟು ಪ್ರಮಾಣ ಇಳಿಸದೆ ಅನ್ನದ ಬದಲು ಗೋಧಿ, ರಾಗಿಗೆ ಬದಲಾದರೆ ಅಪಾಯ ತಗ್ಗುವುದು ಈ ವರದಿಯಲ್ಲಿ ಕಾಣಲಿಲ್ಲ. ಅನ್ನ ಬಿಟ್ಟು ಎರಡು ಮುದ್ದೆ ಉಂಡರೆ ಸಾಕು ಎಂದುಕೊಂಡವರು ಇದನ್ನು ನೆನಪಿಡಬೇಕು.

ಹಾಗಾದರೆ ಊಟದಲ್ಲಿ ಏನು ಮಾಡಬಹುದು?

- ಅನ್ನ ಅಥವಾ ಮುದ್ದೆ ಸ್ವಲ್ಪ ಕಡಿಮೆ ಮಾಡಿ, ಆ ಜಾಗಕ್ಕೆ ಕಾಳಿನ ಪಲ್ಯ, ಉಸಲಿ, ಮೊಸರು, ಮೊಟ್ಟೆ ಅಥವಾ ಮೀನು ಸೇರಿಸಿ. ಅನ್ನ ಅಷ್ಟೇ ಇಟ್ಟುಕೊಂಡು ಇವನ್ನು ಮೇಲೆ ಸೇರಿಸಿದರೆ ಕ್ಯಾಲರಿ ಹೆಚ್ಚುತ್ತದೆ.
- ತಿಳಿಸಾರನ್ನು ಪ್ರೋಟೀನ್ ಎಂದು ಲೆಕ್ಕ ಹಾಕಬೇಡಿ, ಅದರಲ್ಲಿ ಬೇಳೆ ಕಡಿಮೆ. 30 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ.
- ಕಾಳಿನಲ್ಲಿ ಕಾರ್ಬೋಹೈಡ್ರೇಟ್ ಕೂಡ ಇದೆ. ಆದರೆ ನಾರಿನಂಶ ಇರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಮೊಟ್ಟೆ, ಮೀನಿನಲ್ಲಿ ನಾರು ಇಲ್ಲ. ಜೊತೆಗೆ ಸೊಪ್ಪು-ತರಕಾರಿ ಬೇಕು.
- ಎಣ್ಣೆಯಲ್ಲಿ ಕರಿದ ಕಬಾಬ್ ಆಗಲಿ, ವಡೆಯಾಗಲಿ, ಪ್ರೋಟೀನ್ ಹೆಸರಿನಲ್ಲಿ ಬರುವ ಕೊಬ್ಬನ್ನು ಮರೆಯಬೇಡಿ.

ಪ್ರೋಟೀನ್ ಹೆಚ್ಚಿಸಿದಷ್ಟೂ ಒಳ್ಳೆಯದೇ?

ಅಲ್ಲ. ಪ್ರಿವ್ಯೂ ಎಂಬ ಅಧ್ಯಯನ 8 ದೇಶಗಳಲ್ಲಿ, ಹೆಚ್ಚು ತೂಕ ಮತ್ತು ಪ್ರಿಡಯಾಬಿಟಿಸ್ ಇದ್ದ 2,000ಕ್ಕೂ ಹೆಚ್ಚು ಮಂದಿಯ ಮೇಲೆ 3 ವರ್ಷ ನಡೆಯಿತು. ಮೊದಲು ಎಲ್ಲರ ತೂಕ ಇಳಿಸಿ, ಬಳಿಕ ಒಂದು ಗುಂಪಿಗೆ ಶೇ. 25, ಇನ್ನೊಂದಕ್ಕೆ ಶೇ. 15 ಕ್ಯಾಲರಿ ಪ್ರೋಟೀನಿನಿಂದ ಸಿಗುವಂತೆ ಆಹಾರ ಸೂಚಿಸಿದರು. ಮಧುಮೇಹ ಬಂದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ಅದು ಕಡಿಮೆಯೇ ಇತ್ತು. ತೂಕ ಇಳಿದದ್ದು, ನಡಿಗೆ-ವ್ಯಾಯಾಮ ಇವೂ ಕೆಲಸ ಮಾಡುತ್ತವೆ ಎನ್ನುವುದನ್ನು ಮರೆಯಬಾರದು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಲೇಬಾರದು. ಫಾರ್ವರ್ಡ್ ನಂಬಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ನಮ್ಮ ತೀರ್ಮಾನ

ಮಾಂಸ ತಿಂದರೆ ಮಧುಮೇಹ ಬರುವುದಿಲ್ಲ ಎನ್ನುವುದು ತಪ್ಪು. ಬೇಳೆಕಾಳಿನಿಂದಲೇ ಶುಗರ್ ಇಳಿಯುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಸಸ್ಯಾಹಾರಿಗಳು ಇದಕ್ಕಾಗಿ ಮಾಂಸ ತಿನ್ನಬೇಕಿಲ್ಲ, ಮಾಂಸಾಹಾರಿಗಳು ಮೀನು-ಮೊಟ್ಟೆ ಬಿಡಬೇಕಿಲ್ಲ. ಕೆಂಪು ಮಾಂಸಕ್ಕೆ ಮಿತಿ ಇರಲಿ, ಕಾಳು ಹೆಚ್ಚಲಿ, ಅನ್ನ-ಮುದ್ದೆಯ ಪಾಲು ತಗ್ಗಲಿ. ಮುಂದಿನ ಸಲ ಇಂಥ ಸಂದೇಶ ಬಂದರೆ, ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಇದನ್ನು ಯಾವುದರ ಬದಲು ತಿನ್ನಬೇಕು?